ನಾಯಿ ಹೊರಳಾಡುವ ಹುಲ್ಲಿಗೆ ವಿಷ ಯಾಕೆ?

ನಮ್ಮ ಕರಿಯ ಬೆಳಗ್ಗೆ ಎದ್ದ ಕೂಡಲೇ ಅಂಗಳದ ಲಾನ್ ಮೇಲೆ ಬೆನ್ನು ಉಜ್ಜಿ ಹೊರಳಾಡುತ್ತಾನೆ, ಆಮೇಲೆ ಕೂತು ನಾಲ್ಕೂ ಪಾದ ನೆಕ್ಕುತ್ತಾನೆ. ಅಂದರೆ ಹುಲ್ಲಿಗೆ ಹೊಡೆದದ್ದೆಲ್ಲ ಅವನ ಹೊಟ್ಟೆಗೇ ಅಲ್ವಾ? ಅದಕ್ಕೇ ಕಳೆನಾಶಕ ಬಿಟ್ಟೆ.

ಆದರೆ ಪೆಟ್ಟು ಬಿದ್ದದ್ದು ಸಾವಯವ ಗೊಬ್ಬರದಿಂದ. ಧಾರವಾಡದ ಒಂದು ಅಂಗಡಿಯಲ್ಲಿ ಸುಮ್ನೆ 'ಹಿಂಡಿ ಕೊಡ್ರಿ' ಅಂದೆ, ಔಡಲ ಹಿಂಡಿ ಕೊಟ್ಟರು. ಹಾಕಿದ ಸಂಜೆಯೇ ಕರಿಯ ಅದನ್ನು ತಿಂದ. ರಾತ್ರಿಯೆಲ್ಲ ವಾಂತಿ, ಬೆಳಗ್ಗೆ ರಕ್ತಭೇದಿ, ಎರಡು ದಿನ ಸಲೈನ್. ಔಡಲ ಬೀಜದ ರೈಸಿನ್ ಎಂಬ ವಿಷ ಎಣ್ಣೆಗೆ ಹೋಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಹಾಗಾಗಿ ಹೆಸರು ಹೇಳಿ ಬೇವಿನ ಹಿಂಡಿ ಕೇಳಿ, ಚೀಲದ ಮೇಲಿನದನ್ನೂ ಓದಿ. ಹತ್ತಡಿ ಉದ್ದ, ಹತ್ತಡಿ ಅಗಲಕ್ಕೆ ಒಂದು ಕಿಲೋ ಸಾಕು. ಉದುರಿಸಿ ನೀರು ಬಿಡಿ, ಒಂದೆರಡು ದಿನ ನಾಯಿಯನ್ನು ಆ ಕಡೆ ಬಿಡಬೇಡಿ. ಎಲುಬಿನ ಪುಡಿಯಂತೂ ಬೇಡವೇ ಬೇಡ, ವಾಸನೆಗೆ ನಾಯಿ ಲಾನನ್ನೇ ಅಗೆದುಬಿಡುತ್ತದೆ.

ಈಗ ಮಣ್ಣು. ಹುಬ್ಬಳ್ಳಿ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಹೊಸದಾಗಿ ಹಚ್ಚುವವರು ಮೇಲಿನ ಅರ್ಧ ಅಡಿಗೆ ಕೆಂಪು ಮಣ್ಣು, ಮರಳು, ಚೆನ್ನಾಗಿ ಕೊಳೆತ ಸಗಣಿ ಗೊಬ್ಬರ ಬೆರೆಸಿ, ಜೂನ್ ಮಳೆ ಹಿಡಿದ ಮೇಲೆ ಕರಿಕಿ, ಅಂದರೆ ಗರಿಕೆ ಹುಲ್ಲು, ಹಚ್ಚಿ. ಬಿಸಿಲಿದ್ದರೆ ಸಾಕು, ನಾಯಿಯ ಓಟಕ್ಕೂ ನಮ್ಮೂರ ನಳದ ನೀರಿನ ಕೊರತೆಗೂ ಅದು ತಡೆಯುತ್ತದೆ. ಕತ್ತರಿಸುವಾಗ ಎರಡು ಇಂಚು ಉಳಿಸಿ. ತೀರಾ ಬೋಳಿಸಿದರೆ ಬಿಸಿಲು ನೆಲಕ್ಕೆ ಬಿದ್ದು ಕಳೆ ಜಾಸ್ತಿ ಏಳುತ್ತದೆ.

ನಾಯಿ ಉಚ್ಚೆ ಹೊಯ್ದ ಕಡೆ ಹುಲ್ಲು ಸುಡುವುದು ಅದರಲ್ಲಿ ಸಾರಜನಕ ಜಾಸ್ತಿ ಇರುವುದರಿಂದ. ಕೂಡಲೇ ನಾಲ್ಕು ಚೊಂಬು ನೀರು ಸುರಿಯಿರಿ, ಅಷ್ಟೇ.

ಹುಲ್ಲಿನ ಬೇರು ತಿನ್ನುವ ಗೊಣ್ಣೆ ಹುಳುವಿಗೆ ಹಿಂದೆ ಫೋರೇಟ್ ಎಂಬ ಕೀಟನಾಶಕದ ಹರಳು ಹಾಕುತ್ತಿದ್ದರು. 2020ರ ಡಿಸೆಂಬರ್ 31ರಿಂದ ಅದರ ಬಳಕೆಗೇ ನಿಷೇಧವಿದೆ. ಹಳೆಯ ಪೊಟ್ಟಣ ಮನೆಯ ಮೂಲೆಯಲ್ಲಿ ಇದೆಯಾ ನೋಡಿಕೊಳ್ಳಿ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಗೊಣ್ಣೆ ಹುಳುವಿನ ದುಂಬಿಗಳು ನೆಲದಿಂದ ಎದ್ದು ಬೇವಿನ ಗಿಡಕ್ಕೆ ಮುತ್ತುತ್ತವೆ. ಟೊಂಗೆ ಅಲ್ಲಾಡಿಸಿ, ಬಿದ್ದವನ್ನು ಸೋಪಿನ ನೀರಿನ ಬಕೆಟ್ಟಿಗೆ ಹಾಕಿ.

ನಾಯಿಯ ಮೈಮೇಲೆ ರಕ್ತ ಹೀರುವ ಉಣ್ಣೆ ಕಂಡರೆ ಹುಲ್ಲಿಗೆ ಔಷಧಿ ಹೊಡೆಯಬೇಡಿ, ನಾಯಿಗೆ ಡಾಕ್ಟರ್ ಕಡೆಯಿಂದ ಔಷಧಿ ಕೊಡಿಸಿ, ಗೋಡೆ ಅಂಚಿನ ಉದ್ದ ಹುಲ್ಲು ಕತ್ತರಿಸಿ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಹುಷಾರು, ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಬೆಕ್ಕಿನ ಜೀವ ತೆಗೆಯುತ್ತದೆ.

ಇನ್ನು ಕಳೆ. ಕಾಂಗ್ರೆಸ್ ಕಸ ಹೂ ಬಿಡುವ ಮೊದಲೇ ಕಿತ್ತರೆ ಮುಗಿಯಿತು, ಕೈಗವಸು ಮಾತ್ರ ಮರೆಯಬೇಡಿ. ಉಪ್ಪುನೀರು ಹಾಕಿ ಅನ್ನುವವರ ಮಾತು ಕೇಳಬೇಡಿ, ಮಣ್ಣೇ ಕೆಡುತ್ತದೆ. ನಿಜವಾಗಿ ಜೀವ ಹಿಂಡುವುದು ಜೇಕು. ಎಳೆದರೆ ಎಲೆಯಷ್ಟೇ ಕೈಗೆ ಬಂದು ವಾರದಲ್ಲಿ ಮತ್ತೆ ಚಿಗುರುತ್ತದೆ. ನೆಲ ಹಸಿ ಇದ್ದಾಗ ಖುರಪಿಯನ್ನು ಬುಡದ ಪಕ್ಕ ಓರೆಯಾಗಿ ಆಳಕ್ಕೆ ಇಳಿಸಿ ಮೀಟಿ. ಕಡಲೆಕಾಳಿನಷ್ಟು ಕರಿ ಗಡ್ಡೆ ಸಿಗುತ್ತದೆ, ಅದರಿಂದ ದಾರದಂಥ ಬೇರು ಹೊರಟು ಇನ್ನೊಂದು ಗಡ್ಡೆಗೆ ಹೋಗಿರುತ್ತದೆ. ಆ ದಾರ ಹಿಡಿದುಕೊಂಡೇ ಹೋಗಬೇಕು. ನಾನು ದಿನಾ ಚಹಾ ಕುಡಿದು ಹತ್ತು ನಿಮಿಷ ಇದೇ ಕೆಲಸಕ್ಕೆ ಕೂರುತ್ತೇನೆ. ಕರಿಯನೂ ಪಕ್ಕದಲ್ಲೇ ಅಗೆಯುತ್ತಾನೆ, ಜೇಕು ಇಲ್ಲದ ಕಡೆ.