ಕರೆಂಟ್ ಬಂದ ಮೇಲೆ ಮಾಯವಾದ ಮದುವೆ ಫೋಟೋಗಳು

ಉಡುಪಿಯ ಕಲ್ಸಂಕದ ಹತ್ತಿರ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ. ಫೋಟೋಗಳೆಲ್ಲ ಮೂಲೆಯ ನಾಸ್ ಪೆಟ್ಟಿಗೆಯಲ್ಲಿ (ನೆಟ್‌ವರ್ಕಿಗೆ ಸೇರಿಸಿದ ಡಿಸ್ಕ್), ಎಡಿಟಿಂಗ್ ಉಬುಂಟು ಕಂಪ್ಯೂಟರಿನಲ್ಲಿ. ನಾಸ್‌ನ ಶೇರ್, ಅಂದರೆ ಅದು ಹಂಚಿಕೊಡುವ ಫೋಲ್ಡರ್, ಕಂಪ್ಯೂಟರಿನ ಒಂದು ಖಾಲಿ ಫೋಲ್ಡರಿಗೆ ತಾನಾಗಿಯೇ ಮೌಂಟ್ ಆಗಲಿ (ಜೋಡಿಕೊಳ್ಳಲಿ) ಎಂದು ಎಫ್‌ಸ್ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಬರೆದಿಟ್ಟಿದ್ದೆ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಎನ್ನುವ ಪಟ್ಟಿ ಅದು.

ಮೇ ತಿಂಗಳ ಒಂದು ಸಂಜೆ ಗುಡುಗು ಬಂತು, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿತ್ತು, ಅದು ಬೇರೆ ಕಥೆ. ಕರೆಂಟ್ ಬಂದ ಮೇಲೆ ಸ್ಟುಡಿಯೋದ ಹುಡುಗ ಅಂದಿನ ಮದುವೆಯ ಫೋಟೋ ಕಾಪಿ ಮಾಡಿ ಮನೆಗೆ ಹೋದ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದವನೇ, "ಅಣ್ಣ, ಫೋಟೋ ಒಂದೂ ಇಲ್ಲ, ಎಂತ ಮಾಡುವುದು?" ಅಂದ.

ಫೋಟೋ ಎಲ್ಲೂ ಹೋಗಿರಲಿಲ್ಲ. ಕರೆಂಟ್ ಬಂದಾಗ ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಎದ್ದಿತ್ತು, ನಾಸ್ ಏಳಲು ಮೂರು ನಿಮಿಷ ಬೇಕು. ಬೂಟ್ ಆಗುವಾಗ ಮೌಂಟ್ ಒಂದೇ ಸಲ ಪ್ರಯತ್ನಿಸಿ ಸುಮ್ಮನಾಯಿತು. ಮೌಂಟ್ ಆಗಬೇಕಿದ್ದ ಖಾಲಿ ಫೋಲ್ಡರ್ ಮಾತ್ರ ಅಲ್ಲೇ ಇತ್ತಲ್ಲ, ಫೋಟೋಗಳು ಕಂಪ್ಯೂಟರಿನ ಸ್ವಂತ ಡಿಸ್ಕಿಗೆ ಹೋದವು. ಬೆಳಿಗ್ಗೆ ಶೇರ್ ಆ ಫೋಲ್ಡರಿನ ಮೇಲೆ ಕೂತಾಗ ಫೋಟೋಗಳು ಅದರ ಕೆಳಗೆ ಮರೆಯಾದವು. ಅನ್‌ಮೌಂಟ್ ಮಾಡಿ ನೋಡಿದರೆ ಎಲ್ಲವೂ ಹಾಗೇ ಇದ್ದವು.

ತಪ್ಪು ನನ್ನದೇ. ಮೊದಲು ಪರ್ಮಿಷನ್ ತಕರಾರು ಬಂದಾಗ ಆ ಫೋಲ್ಡರನ್ನೇ ನಮ್ಮ ಯೂಸರಿನ ಹೆಸರಿಗೆ ಬರೆದುಕೊಟ್ಟಿದ್ದೆ. ನಮ್ಮದು ಸಿಐಎಫ್‌ಎಸ್ (ವಿಂಡೋಸ್ ರೀತಿಯ) ಶೇರ್, ಅದಕ್ಕೆ ಇದು ಬೇಡವೇ ಬೇಡ, ಎಫ್‌ಸ್ಟ್ಯಾಬ್ ಸಾಲಿನಲ್ಲಿ ನಮ್ಮ ಯೂಸರಿನ ನಂಬರು ಯುಐಡಿ=1000 ಎಂದು ಹಾಕಿದರೆ ಸಾಕು. ಫೋಲ್ಡರ್ ರೂಟ್ (ಕಂಪ್ಯೂಟರಿನ ಯಜಮಾನ ಯೂಸರ್) ಹೆಸರಿನಲ್ಲೇ ಇದ್ದಿದ್ದರೆ ಆ ರಾತ್ರಿ ಕಾಪಿಯೇ ಆಗುತ್ತಿರಲಿಲ್ಲ.

ಈಗ ಫೋಲ್ಡರ್ ಮತ್ತೆ ರೂಟ್‌ಗೆ. ಜೊತೆಗೆ ಮೌಂಟ್ ಇಲ್ಲದಿರುವಾಗ ಅದಕ್ಕೆ ಚ್ಯಾಟರ್ +ಐ (chattr +i) ಎಂಬ ಬೀಗದ ಕಮಾಂಡ್ ಕೊಟ್ಟೆ, ಇನ್ನು ರೂಟ್ ಕೂಡ ಅದರೊಳಗೆ ಬರೆಯುವಂತಿಲ್ಲ. ಎಫ್‌ಸ್ಟ್ಯಾಬ್ ಸಾಲಿಗೆ ನೋಫೇಲ್ (ಶೇರ್ ಸಿಗದಿದ್ದರೂ ಬೂಟ್ ನಿಲ್ಲದಿರಲು) ಮತ್ತು ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್ ಸೇರಿಸಿದೆ. ಎರಡನೆಯದೇ ನಿಜವಾದ ಮದ್ದು. ಬೂಟ್ ಆಗುವಾಗ ಶೇರನ್ನು ಹುಡುಕುವುದೇ ಇಲ್ಲ, ಯಾರಾದರೂ ಫೋಲ್ಡರ್ ತೆರೆದಾಗ ಮೌಂಟ್ ಮಾಡುತ್ತದೆ. ಅಷ್ಟರಲ್ಲಿ ನಾಸ್ ಎದ್ದಿರುತ್ತದೆ, ಅಲ್ವಾ? ನಾಸ್‌ನ ಪಾಸ್‌ವರ್ಡನ್ನು ಬೇರೆ ಫೈಲಿಗೆ ಹಾಕಿ, ಫೈಲಿನ ಒಡೆಯ ಮಾತ್ರ ಓದುವಂತೆ 600 ಪರ್ಮಿಷನ್ ಕೊಟ್ಟೆ. ಎಫ್‌ಸ್ಟ್ಯಾಬ್ ಯಾರು ಬೇಕಾದರೂ ಓದಬಹುದಾದ ಫೈಲು, ಅದರಲ್ಲಿ ಪಾಸ್‌ವರ್ಡ್ ಇಡುವುದು ಬಾಗಿಲಿಗೇ ಬೀಗದ ಕೈ ನೇತುಹಾಕಿದ ಹಾಗೆ. ಶೇರಿನ ಹೆಸರಿನಲ್ಲಿ ಸ್ಪೇಸ್ ಇದ್ದರೆ ಅದರ ಜಾಗದಲ್ಲಿ \040 ಬರೆಯಬೇಕು. ಇದು ಗೊತ್ತಿಲ್ಲದೆ ನಾನು ಒಂದು ಮಧ್ಯಾಹ್ನ ಕಳೆದಿದ್ದೇನೆ. ಸಾಲು ಬದಲಿಸಿದ ಮೇಲೆ, ಕಂಪ್ಯೂಟರ್ ಅದನ್ನು ಹೊಸದಾಗಿ ಓದಿಕೊಳ್ಳಲು ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್ (systemctl daemon-reload) ಕಮಾಂಡ್ ಕೊಡಲು ಮರೆಯಬೇಡಿ.

ಎಲ್ಲ ಮುಗಿದ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಹುಡುಗನಿಗೆ ಹೇಳದೆ ನಾಸ್‌ನ ಕೇಬಲ್ ಕಿತ್ತೆ. ಸ್ವಲ್ಪ ಹೊತ್ತಿಗೆ ಅವನ ದನಿ: "ಅಣ್ಣ, ಎಂತದೋ ಎರರ್, ಕಾಪಿ ಆಗುವುದೇ ಇಲ್ಲ ಮಾರಾಯ್ರೆ!" ನೆಮ್ಮದಿಯಿಂದ ಚಾ ಕುಡಿಯಲು ಹೋದೆ.