6,03,550 ಟ್ಯಾಲಿ ಆಯಿತು, ಲೇವಿಯರ ಲೆಕ್ಕ ಆಗಲಿಲ್ಲ

ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. ಭಾನುವಾರ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ. ಬೈಬಲಿನ ಅರಣ್ಯಕಾಂಡ ಬಂದಾಗಲೆಲ್ಲ ಮೊದಲ ಅಧ್ಯಾಯ, ಅಂದರೆ ಇಸ್ರಾಯೇಲರ ಕುಲಗಳ ಜನಗಣತಿ, ಹಾರಿಸಿಬಿಡುತ್ತಿದ್ದೆ. ಬರೀ ಹೆಸರು, ಬರೀ ಸಂಖ್ಯೆ, ಮಕ್ಕಳು ಆಕಳಿಸುತ್ತಾರೆ. ಈ ಸಲ ಒಬ್ಬಳು ಹುಡುಗಿ ತಾನೇ ಓದಿಕೊಂಡು ಬಂದು ಕೇಳಿದಳು: "ಸರ್, ಹನ್ನೆರಡು ಕುಲ ಅಂತೀರಿ, ಇದರಲ್ಲಿ ಲೇವಿ ಎಲ್ಲಿ?"

ಮನೆಗೆ ಬಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದು ಕೂತೆ. ಈ ಕುಲಗಳ ಮೂಲಪುರುಷರು ಯಾಕೋಬನ ಹನ್ನೆರಡು ಗಂಡುಮಕ್ಕಳು, ಲೇವಿಯೂ ಅವರಲ್ಲೊಬ್ಬ. ಅವರ ಹೆಸರು ಒಂದರ ಕೆಳಗೊಂದು ಬರೆದೆ. ಮೊದಲ ತಪ್ಪು ಅಲ್ಲೇ. ಯೋಸೇಫನ ಹೆಸರಲ್ಲಿ ಪ್ರತ್ಯೇಕ ಸಂಖ್ಯೆಯೇ ಇಲ್ಲ. ಅವನ ಬದಲು ಅವನ ಇಬ್ಬರು ಮಕ್ಕಳು: ಎಫ್ರಾಯೀಮ್ 40,500, ಮನಸ್ಸೆ 32,200. ಇದು ಇಪ್ಪತ್ತು ವರ್ಷ ದಾಟಿದ, ಯುದ್ಧಕ್ಕೆ ಹೋಗಬಲ್ಲ ಗಂಡಸರ ಪಟ್ಟಿ. ಲೇವಿಯರಿಗೆ ದೇವದರ್ಶನದ ಗುಡಾರದ ಕೆಲಸ, ಹಾಗಾಗಿ ಅವರು ಇದರಲ್ಲಿ ಇಲ್ಲ. ಒಬ್ಬ ಹೊರಗೆ ಹೋದ, ಒಬ್ಬ ಇಬ್ಬರಾದ, ಹನ್ನೆರಡು ಹನ್ನೆರಡೇ ಉಳಿಯಿತು.

ಆಮೇಲೆ ಕೂಡಿಸಿದೆ. ಮೇಲಿಂದ ಒಂದು ಸಲ, ಕೆಳಗಿಂದ ಒಂದು ಸಲ, ಅದು ನಮ್ಮ ಕಸುಬಿನ ಚಟ. ಮೊದಲು 100 ಕಮ್ಮಿ ಬಂತು. ದಾನ್ ಕುಲದ 62,700ನ್ನು ನಾನೇ 62,600 ಅಂತ ಬರೆದಿದ್ದೆ. ತಿದ್ದಿದ ಮೇಲೆ 6,03,550, ಬೈಬಲಿನಲ್ಲಿರುವಷ್ಟೇ. ಸಂಖ್ಯೆಗಳೆಲ್ಲ ನೂರರ ಲೆಕ್ಕದಲ್ಲಿವೆ, ಗಾದ್ ಒಂದೇ 45,650. ಯಾಕೋ ಆ ಐವತ್ತು ನನಗೆ ತುಂಬಾ ಇಷ್ಟವಾಯಿತು.

ಮೋವಾಬಿನ ಬಯಲಿನಲ್ಲಿ ನಡೆದ ಎರಡನೇ ಎಣಿಕೆ 26ನೇ ಅಧ್ಯಾಯದಲ್ಲಿದೆ. ಅದೂ ಕೂಡಿತು: 6,01,730. ಒಟ್ಟು ಹೆಚ್ಚುಕಮ್ಮಿ ಅಷ್ಟೇ, ಆದರೆ ಒಳಗೆ ಏರುಪೇರು ಜಾಸ್ತಿ. ಸಿಮೆಯೋನ್ 59,300 ಇದ್ದದ್ದು 22,200ಕ್ಕೆ ಇಳಿದಿದೆ. ಹಿಂದಿನ ಅಧ್ಯಾಯದ ವ್ಯಾಧಿಯಲ್ಲಿ 24,000 ಜನ ಸತ್ತರು, ಅಲ್ಲಿ ಕೊಲೆಯಾದ ಜಿಮ್ರಿ ಸಿಮೆಯೋನ್ ಕುಲದ ಮುಖಂಡ. ಎರಡನ್ನೂ ಜೋಡಿಸಬೇಕು ಅನ್ನಿಸುತ್ತದೆ, ಅಲ್ವಾ? ಪುಸ್ತಕ ಮಾತ್ರ ಹಾಗೆ ಹೇಳುವುದಿಲ್ಲ. ಮಕ್ಕಳಿಗೂ ಇಷ್ಟೇ ಹೇಳಿದೆ.

ಸಿಕ್ಕಿಹಾಕಿಕೊಂಡದ್ದು ಲೇವಿಯರ ಹತ್ತಿರ. 3ನೇ ಅಧ್ಯಾಯದಲ್ಲಿ ಅವರನ್ನು ಬೇರೆಯಾಗಿ, ಒಂದು ತಿಂಗಳ ಗಂಡುಕೂಸಿನಿಂದ ಹಿಡಿದು ಎಣಿಸುತ್ತಾರೆ. ಅವರಲ್ಲಿ ಮೂರು ಮನೆತನ: ಗೇರ್ಷೋನ್ 7,500, ಕೆಹಾತ್ 8,600, ಮೆರಾರಿ 6,200. ನನ್ನ ಮೊತ್ತ 22,300. ಪುಸ್ತಕದ ಮೊತ್ತ 22,000. ಮೂರು ಸಲ ಕೂಡಿಸಿದೆ. ಈ ಸಲ ತಪ್ಪು ನನ್ನದಲ್ಲ.

ಸುಮ್ನೆ ಬಿಡಬಹುದಿತ್ತು, ಆದರೆ ಈ ಮೊತ್ತದ ಮೇಲೆ ಹಣ ನಿಂತಿದೆ. ಇಸ್ರಾಯೇಲರ ಚೊಚ್ಚಲು ಗಂಡುಮಕ್ಕಳು 22,273. ಚೊಚ್ಚಲು ದೇವರಿಗೆ ಸೇರಿದ್ದು, ಒಬ್ಬೊಬ್ಬರಿಗೆ ಬದಲಾಗಿ ಒಬ್ಬ ಲೇವಿಯ. ಉಳಿದ 273 ಜನಕ್ಕೆ ತಲೆಗೆ 5 ಶೆಕೆಲ್ (ಆಗಿನ ಬೆಳ್ಳಿಯ ತೂಕ), ಒಟ್ಟು 1,365. ಲೇವಿಯರು ನಿಜಕ್ಕೂ 22,300 ಇದ್ದಿದ್ದರೆ ಯಾರೂ ಒಂದು ಶೆಕೆಲ್ಲೂ ಕೊಡಬೇಕಿರಲಿಲ್ಲ!

ಯೆಹೂದ್ಯರ ಧರ್ಮಗ್ರಂಥ ತಾಲ್ಮುದಿನ ಉತ್ತರ: ಆ 300 ಜನ ತಾವೇ ಚೊಚ್ಚಲು, ಇನ್ನೊಬ್ಬರ ಬದಲಿಗೆ ನಿಲ್ಲುವಂತಿಲ್ಲ. ಇನ್ನೊಂದು ಉತ್ತರ ನಕಲುಗಾರನ ಕೈತಪ್ಪು. ಹೀಬ್ರೂವಿನಲ್ಲಿ ಮೂರು ಅನ್ನುವ ಪದದ ನಡುವಿನ ಲಾಮೆದ್ ಅಕ್ಷರ ಬಿಟ್ಟುಹೋದರೆ ಆರು ಆಗುತ್ತದೆ. ಕೆಹಾತ್ 8,300 ಅಂದುಕೊಳ್ಳಿ, ಲೆಕ್ಕ ಸರಿಹೋಗುತ್ತದೆ. ದಿನವಿಡೀ ಬಿಲ್ಲು ನೋಡುವ ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

ಮುಂದಿನ ಭಾನುವಾರ ಮೂರೂ ಸಂಖ್ಯೆ ಬೋರ್ಡಿನ ಮೇಲೆ ಬರೆದು, ಕೂಡಿಸಿ ಅಂದೆ. ಅದೇ ಹುಡುಗಿ ಮೊದಲು ಕೈ ಎತ್ತಿದಳು.