ಕಾಕಾನ ಗ್ಲಾಸಿಗೂ ನಾಲ್ಕು ಹನಿ ಕಹಿ: ಆಲ್ಕೋಹಾಲ್ ಇಲ್ಲದ ಬಿಟರ್ಸ್ ಬಳಸೋದು ಹೇಗೆ

ನಮ್ಮ ಕಾಕಾ ಕುಡಿಯೋದು ಬಿಟ್ಟು ಮೂರು ವರ್ಷ ಆಯ್ತು. ಬೇಸಿಗೆ ಸಂಜೆ ಬಳ್ಳಾರಿಯ ನಮ್ಮ ಮನೆ ಮಾಳಿಗೆ ಮೇಲೆ ಎಲ್ಲರೂ ಸೇರುತ್ತೇವೆ. ಒಗ್ಗರಣೆ ಮಿರ್ಚಿ ತಟ್ಟೆ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಉಳಿದವರ ಕೈಯಲ್ಲಿ ತಮಗೆ ಬೇಕಾದ ಗ್ಲಾಸು, ಕಾಕಾನ ಕೈಗೆ ಮಾತ್ರ ಸಿಹಿ ಕೂಲ್‌ಡ್ರಿಂಕ್ಸ್. ಎರಡು ಗುಟುಕು ಕುಡಿದು ಪಕ್ಕಕ್ಕೆ ಇಡುತ್ತಿದ್ದರು. ಒಂದು ದಿನ ಅಂದರು, "ಹುಡುಗ್ರಿಗೆ ಕೊಡೋದು ನನಗ ಕೊಡ್ತೀಯಲ್ಲೋ ತಮ್ಮಾ." ಆ ಮಾತು ಮನಸ್ಸಿಗೆ ನಾಟಿತು. ಅವರಿಗೆ ಬೇಕಿದ್ದದ್ದು ಮದ್ಯ ಅಲ್ಲ. ನಿಧಾನಕ್ಕೆ ಗುಟುಕರಿಸುತ್ತಾ ಕೂರಬಹುದಾದ, ದೊಡ್ಡವರ ಬಾಯಿಗೆ ಹಿಡಿಸುವ ಒಂದು ಗ್ಲಾಸು. ಅದಕ್ಕೆ ಬೇಕಾದ್ದು ಕಹಿ ಅಂತ ನನಗೆ ಗೊತ್ತಾಗೋಕೆ ಸ್ವಲ್ಪ ಕಾಲ ಹಿಡಿಯಿತು.

ಕಹಿ ಕುಡಿಯೋದು ನಮಗೇನೂ ಹೊಸದಲ್ಲ. ನಮ್ಮ ಕಡೆ ಯುಗಾದಿ ಬೇವು ಅಂದರೆ ಲೋಟದಲ್ಲಿ ಕುಡಿಯುವಂಥದ್ದು, ಹುಣಸೆಹುಳಿ, ಬೆಲ್ಲ, ಪುಟಾಣಿ ಹಿಟ್ಟು ಕಲಸಿ ಮೇಲೆ ಬೇವಿನ ಹೂವು ಹಾಕಿದ್ದು. ಹೂವು ಜಾಸ್ತಿ ಬಿದ್ದರೆ ಮಕ್ಕಳು ಓಡಿಹೋಗುತ್ತಾರೆ, ಬೀಳದೇ ಇದ್ದರೆ ಅದು ಬರೀ ಬೆಲ್ಲದ ನೀರು. ಬಿಟರ್ಸ್ ಕೆಲಸವೂ ಇದೇ. ಬೇರು, ತೊಗಟೆ, ಹಣ್ಣಿನ ಸಿಪ್ಪೆ, ಮಸಾಲೆ ನೆನೆಸಿ ತೆಗೆದ ಗಟ್ಟಿ ಕಹಿ ಸಾರ ಅದು. ಸಾರಿಗೆ ಇಂಗು ಹಾಕಿದ ಹಾಗೆ, ಬೀಳುವುದು ಚೂರೇ ಚೂರು, ಆದರೆ ಇಲ್ಲದಿದ್ದರೆ ಗೊತ್ತಾಗುತ್ತದೆ.

ಎಲ್ಲರಿಗೂ ಗೊತ್ತಿರುವ ಬಿಟರ್ಸ್ ಅಂದರೆ ಅಂಗೋಸ್ಟುರಾ. 1824ರಲ್ಲಿ ವೆನೆಜುವೆಲಾದ ಅಂಗೋಸ್ಟುರಾ ಊರಲ್ಲಿದ್ದ ಸೀಗರ್ಟ್ ಅನ್ನೋ ಜರ್ಮನ್ ವೈದ್ಯರು ಹೊಟ್ಟೆನೋವಿನ ಔಷಧಿಯಾಗಿ ಮಾಡಿದ್ದು. ಈಗ ಟ್ರಿನಿಡಾಡ್‌ನಲ್ಲಿ ತಯಾರಾಗುತ್ತದೆ. ಅದರಲ್ಲಿ ಆಲ್ಕೋಹಾಲ್ ಶೇ. 44.7. ವಿಸ್ಕಿಗಿಂತ ಜಾಸ್ತಿ! ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮಾಕ್‌ಟೇಲ್, ಅಂದರೆ ಮದ್ಯ ಇಲ್ಲದ ಪಾನೀಯ ಅಂತ ಕೊಡುವ ಎಷ್ಟೋ ಗ್ಲಾಸುಗಳಿಗೆ ಇದನ್ನೇ ಎರಡು ಸಲ ಚಿಮುಕಿಸಿರುತ್ತಾರೆ. ಲೆಕ್ಕ ಹಾಕಿ. ಎರಡು ಸಲಕ್ಕೆ ಹತ್ತಿರ ಹತ್ತಿರ ಒಂದೂವರೆ ಎಂಎಲ್, ಅದನ್ನು 200 ಎಂಎಲ್ ಗ್ಲಾಸಿಗೆ ಹಾಕಿದರೆ ಶೇ. 0.33ರ ಆಸುಪಾಸು ಆಲ್ಕೋಹಾಲ್ ಸೇರುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಲ್ಲಿ ಶೇ. 0.5 ದಾಟಿದರೆ ಮಾತ್ರ ಅದು ಮದ್ಯ. ಕಾನೂನಿಗೆ ಅದು ಸರಿ ಇರಬಹುದು. ಆದರೆ ಪಣ ತೊಟ್ಟು ಬಿಟ್ಟವರಿಗೆ, ಧರ್ಮದ ಕಾರಣಕ್ಕೆ ಮುಟ್ಟದವರಿಗೆ, ಬಸುರಿ ಹೆಂಗಸರಿಗೆ ಅದನ್ನು ಹೇಳದೆ ಕೊಡೋದು ತಪ್ಪು. ಹನಿ ಅಂದರೂ ಹನಿಯೇ ಅಲ್ವಾ? ಮತ್ತೊಂದು ಮಾತು, ಕುಡಿತ ಬಿಟ್ಟ ಕೆಲವರಿಗೆ ಆ ಥರದ ರುಚಿ, ವಾಸನೆಯೇ ಹಳೇ ಆಸೆ ಕೆರಳಿಸುತ್ತದೆ. ಗ್ಲಾಸು ಮುಂದೆ ಇಡುವ ಮೊದಲು ಅವರನ್ನೇ ಕೇಳಿ. ನಾನು ಕಾಕಾನ ಕೇಳಿಯೇ ಶುರು ಮಾಡಿದ್ದು.

ಆಲ್ಕೋಹಾಲ್ ಇಲ್ಲದ ಬಿಟರ್ಸ್ ಹೆಚ್ಚಾಗಿ ಗ್ಲಿಸರಿನ್ ಅನ್ನೋ ಮಂದ ದ್ರವದಲ್ಲಿ ಮಾಡಿದ್ದು. ಕೊಳ್ಳುವಾಗ ಹೆಸರು ನೋಡಬೇಡಿ, ಹಿಂದಿನ ಚೀಟಿ ಓದಿ. ಒಂದೇ ಕಂಪನಿಯ ಒಂದು ಬಾಟಲಿ ಗ್ಲಿಸರಿನ್ನಿನದ್ದು, ಪಕ್ಕದ್ದು ಆಲ್ಕೋಹಾಲಿನದ್ದು ಇರುತ್ತದೆ.

ಈಗ ಮುಖ್ಯ ವಿಷಯ. ಮಾಮೂಲಿ ಬಿಟರ್ಸ್ ಹಾಕುವ ಹಾಗೆಯೇ ಇದನ್ನು ಹಾಕಿದರೆ ಏನೂ ಗೊತ್ತಾಗಲ್ಲ, "ಸುಮ್ನೆ ದುಡ್ಡು ದಂಡ" ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಕಾರಣ ಇಷ್ಟೇ: ಮಸಾಲೆಯ ಎಣ್ಣೆ ಅಂಶವನ್ನು, ಅಂದರೆ ಘಮವನ್ನು, ಆಲ್ಕೋಹಾಲ್ ಚೆನ್ನಾಗಿ ಎಳೆದುಕೊಳ್ಳುತ್ತದೆ, ಆಮೇಲೆ ಗ್ಲಾಸಿನಿಂದ ಬೇಗ ಆರುತ್ತಾ ಆ ಘಮವನ್ನು ಮೂಗಿಗೆ ತಲುಪಿಸುತ್ತದೆ. ಗ್ಲಿಸರಿನ್ ಕಹಿಯನ್ನು ಹಿಡಿಯುತ್ತದೆ, ಘಮವನ್ನು ಅಷ್ಟಾಗಿ ಹಿಡಿಯಲ್ಲ, ಆರಿ ಮೇಲೆ ಏಳೋದೂ ಇಲ್ಲ. ಹಾಗಾಗಿ ಎರಡು ಸಲ ಚಿಮುಕಿಸಿ ಅಂತ ಬರೆದಿದ್ದರೆ ನಾಲ್ಕೈದು ಸಲ ಹಾಕಿ. ನಾನು ಹನಿ ಎಣಿಸೋದು ಬಿಟ್ಟಿದ್ದೇನೆ. ಮಕ್ಕಳ ಸಿರಪ್ ಜೊತೆ ಅಳತೆ ಮುಚ್ಚಳ ಬರುತ್ತದಲ್ಲ, ಅದರಲ್ಲಿ ಎರಡೂವರೆ ಎಂಎಲ್ ಗೆರೆವರೆಗೆ ಹಿಡಿದರೆ ಒಂದು ದೊಡ್ಡ ಗ್ಲಾಸಿಗೆ ಸರಿಹೋಗುತ್ತದೆ. ಘಮಕ್ಕೆ ಕಿತ್ತಳೆ ಇಲ್ಲವೇ ನಿಂಬೆ ಸಿಪ್ಪೆಯ ಒಂದು ತುಂಡನ್ನು ಗ್ಲಾಸಿನ ಮೇಲೆ ಹಿಡಿದು ಮಡಿಚಿ ಹಿಂಡಿ. ಬೆಳಕಿಗೆ ಹಿಡಿದರೆ ಸಣ್ಣ ತುಂತುರು ಹಾರೋದು ಕಾಣುತ್ತದೆ, ಅದೇ ಎಣ್ಣೆ.

ಮೊದಲ ಸಲ ಗಾಜಿನ ಲೋಟದಲ್ಲಿ ಸೋಡಾ ಮೇಲೆ ಈ ಬಿಟರ್ಸ್ ಬಿಟ್ಟಾಗ ನೋಡುತ್ತಾ ನಿಂತಿದ್ದೆ. ಕಂದು ದಾರದ ಹಾಗೆ ಎಳೆಯಾಗಿ ಇಳಿದು, ಐಸ್ ತುಂಡು ಬಳಸಿಕೊಂಡು, ಸೀದಾ ತಳಕ್ಕೆ ಹೋಗಿ ಜೇನಿನ ಹಾಗೆ ಕೂತುಬಿಟ್ಟಿತು. ಗ್ಲಿಸರಿನ್ ನೀರಿಗಿಂತ 1.26 ಪಟ್ಟು ಭಾರ. ಕಲಕದೆ ಕೊಟ್ಟರೆ ಮೊದಲ ಗುಟುಕು ಸಪ್ಪೆ ಸೋಡಾ, ಕೊನೆಯ ಗುಟುಕು ಕಷಾಯ. ಅದಕ್ಕೆ ಮೊದಲು ಹುಳಿ, ಸಿಹಿ, ಬಿಟರ್ಸ್ ಮೂರನ್ನೂ ತಳದಲ್ಲೇ ಕಲಸಿಕೊಳ್ಳಿ. ಆಮೇಲೆ ಐಸ್, ಕೊನೆಗೆ ಸೋಡಾ. ಉದ್ದ ಚಮಚ ತಳಕ್ಕೆ ಬಿಟ್ಟು ಒಂದೇ ಸಲ ಮೇಲಕ್ಕೆ ಎತ್ತಿ, ಗರಗರ ತಿರುಗಿಸಿದರೆ ಸೋಡಾದ ಗ್ಯಾಸ್ ಹೋಗುತ್ತದೆ.

ಗ್ಲಿಸರಿನ್ ತಾನೇ ಸಿಹಿ. ಇದನ್ನು ಮರೆತರೆ ಪಾನಕ ಆಗಿಬಿಡುತ್ತದೆ, ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ. ಕಹಿ ಜಾಸ್ತಿ ಆಯಿತೇ? ಸಕ್ಕರೆ ಸುರಿಯಬೇಡಿ, ಒಂದು ಚಿಟಿಕೆ ಉಪ್ಪು ಹಾಕಿ ನೋಡಿ. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಹಾಗಲಕಾಯಿಗೆ ಉಪ್ಪು ಸವರುವ ನಮ್ಮ ಮನೆಗಳಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ.

ಶುರು ಮಾಡೋಕೆ ನಿಂಬೆ ಸೋಡಾ ಒಳ್ಳೇದು. ಒಂದು ರಸವತ್ತಾದ ನಿಂಬೆಹಣ್ಣಿನ ಅರ್ಧ, ಎರಡು ಟೀ ಚಮಚ ಸಕ್ಕರೆ ಪಾಕ, ಚಿಟಿಕೆ ಉಪ್ಪು, ಎರಡೂವರೆ ಎಂಎಲ್ ಬಿಟರ್ಸ್, ಐಸ್, ಮೇಲೆ ಒಂದು ಗೋಲಿ ಸೋಡಾ. ಮಿರ್ಚಿ ಖಾರಕ್ಕೆ ಇದರಷ್ಟು ಹೊಂದುವುದು ನನಗೆ ಬೇರೆ ಸಿಕ್ಕಿಲ್ಲ.

ಕೊಪ್ಪಳದ ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಸಿಕ್ಕಾಗ ಸಕ್ಕರೆಯೇ ಬೇಡ. ಕಾಳುಗಳನ್ನು ಬಟ್ಟೆಯಲ್ಲಿ ಕಟ್ಟಿ ಕೈಯಿಂದಲೇ ಹಿಂಡಿ, ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಒಗರು ಬಿಡುತ್ತದೆ, ಬಿಟರ್ಸ್ ಕಹಿಯೂ ಆ ಒಗರೂ ಸೇರಿ ನಾಲಿಗೆ ಒಣಗಿದ ಹಾಗಾಗುತ್ತದೆ. 90 ಎಂಎಲ್ ರಸಕ್ಕೆ ಎರಡು ಟೀ ಚಮಚ ನಿಂಬೆರಸ, ಎರಡು ಎಂಎಲ್ ಬಿಟರ್ಸ್, ಅರ್ಧ ಲೋಟ ಸೋಡಾ. ಅಷ್ಟೇ.

ಕಾಕಾಗೆ ಹಿಡಿಸಿದ್ದು ಮಾತ್ರ ಚಹಾದ್ದು. ವಿಸ್ಕಿ, ಸಕ್ಕರೆ, ಬಿಟರ್ಸ್ ಸೇರಿಸಿ ಸಣ್ಣ ಗ್ಲಾಸಲ್ಲಿ ಕೊಡುವ ಓಲ್ಡ್ ಫ್ಯಾಷನ್ಡ್ ಅಂತ ಒಂದು ಹಳೇ ಕಾಕ್‌ಟೇಲ್ ಇದೆ, ಅದರ ಜಾಗಕ್ಕೆ ಇದು. ಒಂದು ಲೋಟ ನೀರಿಗೆ ಎರಡು ಚಮಚ ಚಹಾಪುಡಿ, ಜಜ್ಜಿದ ಮೂರು ಕಾಳುಮೆಣಸು ಹಾಕಿ ನಾಲ್ಕು ನಿಮಿಷ ಬಿಡಿ, ಸೋಸಿ ಪೂರ್ತಿ ತಣ್ಣಗೆ ಮಾಡಿ. ಹಾಲು ಬೇಡ. ಈ ಡಿಕಾಕ್ಷನ್ 75 ಎಂಎಲ್, ಬೆಲ್ಲದ ಪಾಕ ಒಂದು ಟೀ ಚಮಚ, ಬಿಟರ್ಸ್ ನಾಲ್ಕು ಎಂಎಲ್. ಒಂದೇ ಒಂದು ದೊಡ್ಡ ಐಸ್ ಗಡ್ಡೆ ಹಾಕಿ, ಚಿಕ್ಕ ಸ್ಟೀಲ್ ಬಟ್ಟಲಲ್ಲಿ ನೀರಿಟ್ಟು ಫ್ರೀಜರ್‌ನಲ್ಲಿ ಗಟ್ಟಿ ಮಾಡಿದರೆ ಸಾಕು. ಮೇಲೆ ಕಿತ್ತಳೆ ಸಿಪ್ಪೆ ಹಿಂಡಿ. ಚಹಾದ ಒಗರು ನಾಲಿಗೆ ಹಿಡಿಯುತ್ತದೆ, ಮೆಣಸು ಗಂಟಲಲ್ಲಿ ಸಣ್ಣಗೆ ಕಾಯಿಸುತ್ತದೆ, ಕಹಿ ಕೊನೆಗೆ ಬಂದು ನಿಲ್ಲುತ್ತದೆ. ಕಾಕಾ ಒಂದು ಗುಟುಕು ಕುಡಿದು ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿದರು. "ಏನ್ ಹಾಕೀಯೋ ಇದ್ರಾಗ? ಕಹಿ ಐತಿ, ಆದ್ರ ಚಲೋ ಐತಿ." ಆ ಗ್ಲಾಸು ಮುಗಿಸೋಕೆ ಮುಕ್ಕಾಲು ಗಂಟೆ ತೆಗೆದುಕೊಂಡರು. ನನಗೆ ಆದ ಸಂತೋಷ ಹೇಳೋಕಾಗಲ್ಲ.

ಕೊಳ್ಳುವ ಬಿಟರ್ಸ್ ದುಬಾರಿ, ನಮ್ಮ ಊರಲ್ಲಿ ಸುಲಭಕ್ಕೆ ಸಿಗೋದೂ ಇಲ್ಲ. ಅದಕ್ಕೇ ಮನೆಯಲ್ಲಿ ಮಾಡುತ್ತೇನೆ. ಗ್ಲಿಸರಿನ್ ತಿನ್ನುವ ದರ್ಜೆಯದ್ದೇ ಆಗಬೇಕು. ಕೇಕ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ, ಚೀಟಿಯಲ್ಲಿ ಫುಡ್ ಗ್ರೇಡ್ ಅಥವಾ ಐಎನ್‌ಎಸ್ 422 ಅಂತ ಇರಬೇಕು. ಚರ್ಮಕ್ಕೆ ಹಚ್ಚುವ ಗ್ಲಿಸರಿನ್ ಯಾವ ಕಾರಣಕ್ಕೂ ಬೇಡ, ಕೀಳು ಗ್ಲಿಸರಿನ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಬೆರೆತು ಸಾವುಗಳಾಗಿವೆ. ಕಹಿಗೆ ಗ್ರಂಧಿಗೆ ಅಂಗಡಿಯ ಕಿರಾತಕಡ್ಡಿ. ವಿದೇಶದ ಬಿಟರ್ಸ್‌ಗೆ ಹಾಕುವ ಜೆನ್ಷಿಯನ್ ಬೇರಿನ ಕುಟುಂಬದ್ದೇ ಗಿಡ ಇದು, ಹಿಮಾಲಯದ ಕಡೆಯದ್ದು. ಕೆಲವು ಕಡೆ ಅದರ ಬದಲು ನೆಲಬೇವು ಕೊಡುತ್ತಾರೆ, ಅದು ಬೇರೆಯೇ ಗಿಡ, ಕೇಳಿ ತೆಗೆದುಕೊಳ್ಳಿ.

150 ಎಂಎಲ್ ಗ್ಲಿಸರಿನ್, ಕುದಿಸಿ ಆರಿಸಿದ ನೀರು 50 ಎಂಎಲ್. ಅದಕ್ಕೆ ಹತ್ತು ಗ್ರಾಂ ಒಣಗಿದ ಕಿತ್ತಳೆ ಸಿಪ್ಪೆ, ಮೂರು ಗ್ರಾಂ ಕಿರಾತಕಡ್ಡಿ, ನಾಲ್ಕು ಏಲಕ್ಕಿ, ಎರಡು ಲವಂಗ, ಬೆರಳುದ್ದ ಚಕ್ಕೆ, ಎಲ್ಲವನ್ನೂ ತರಿತರಿ ಜಜ್ಜಿ ಹಾಕಿ. ಗಾಜಿನ ಬಾಟಲಿಯ ಕೆಳಗೆ ಬಟ್ಟೆ ಹಾಸಿ, ಮುಚ್ಚಳ ಸಡಿಲ ಬಿಟ್ಟು, ನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಇಡಿ, ನೀರು ಕುದಿಯಬಾರದು. ಆಮೇಲೆ ಮುಚ್ಚಳ ಬಿಗಿ ಮಾಡಿ ಕತ್ತಲಲ್ಲಿ ಎರಡು ವಾರ ಇಟ್ಟು ದಿನಾ ಅಲ್ಲಾಡಿಸಿ. ಸೋಸುವಾಗ ಮತ್ತೆ ಬೆಚ್ಚಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಬಟ್ಟೆಯಿಂದ ಇಳಿಯೋದೇ ಇಲ್ಲ.

ನೀರಿನ ಅಳತೆ ಮೀರಬೇಡಿ. ನಾನು ಮೊದಲ ಸಲ ಗ್ಲಿಸರಿನ್, ನೀರು ಸಮಸಮ ಹಾಕಿ, ಹಸಿ ಸಿಪ್ಪೆ ಬಳಸಿದ್ದೆ. ಮೇ ತಿಂಗಳು, ಹೊರಗೆ 40 ಡಿಗ್ರಿ ದಾಟಿತ್ತು, ಬಾಟಲಿ ಅಡುಗೆಮನೆ ಗೂಡಲ್ಲಿತ್ತು. ಹತ್ತೇ ದಿನಕ್ಕೆ ಮೇಲೆ ಬಿಳಿ ಪೊರೆ ಕಟ್ಟಿತು, ಪೂರ್ತಿ ಚೆಲ್ಲಿದೆ. ಪೊರೆ ತೆಗೆದು ಕೆಳಗಿನದ್ದು ಬಳಸೋಣ ಅಂತ ಯೋಚಿಸಲೇಬೇಡಿ. ಈಗ ಒಣ ಸಾಮಾನು ಬಿಟ್ಟರೆ ಬೇರೆ ಹಾಕಲ್ಲ, ಫ್ರಿಜ್‌ನಲ್ಲಿಟ್ಟು ಮೂರು ತಿಂಗಳಲ್ಲಿ ಖಾಲಿ ಮಾಡುತ್ತೇನೆ, ಬಾಟಲಿ ಮೇಲೆ ಮಾಡಿದ ತಾರೀಖು ಬರೆದು ಅಂಟಿಸುತ್ತೇನೆ. ಕಿರಾತಕಡ್ಡಿ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ, ಬಸುರಿಯರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ನಮ್ಮ ದೊಡ್ಡಮ್ಮ ಶುಗರ್ ಮಾತ್ರೆ ನುಂಗುತ್ತಾರೆ, ಅವರ ಗ್ಲಾಸಿಗೆ ಬಿಟರ್ಸ್ ಇಲ್ಲ, ಸಕ್ಕರೆಯೂ ಇಲ್ಲ, ಬರೀ ನಿಂಬೆ, ಉಪ್ಪು, ಸೋಡಾ, ಮೇಲೆ ಹಿಂಡಿದ ಕಿತ್ತಳೆ ಸಿಪ್ಪೆ.